ಬ್ಯಾರೊನೆಟ್ ಮನೆಯ ಗಂಧದ ಹಾರ

ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಮೌಂಟ್ ರಾಸ್ಕಿಲ್‌ನಲ್ಲಿ ನನಗೆ ಒಂಟಿತನ ಜಾಸ್ತಿಯಾದಾಗಲೆಲ್ಲ ಏನಾದರೊಂದು ಕಿತಾಪತಿ ನಡೆಯುತ್ತದೆ. ನಾನು ಮಾಡುವುದಿಲ್ಲ, ಅದಾಗಿಯೇ ಆಗುತ್ತದೆ. ಇಲ್ಲಿ ಹೇಳುವುದರಲ್ಲಿ ಮುಕ್ಕಾಲು ಪಾಲು ನಿಜ.

೧. ಸೊಂಟನೋವು

ಆಕ್ಲೆಂಡಿನಲ್ಲಿ ನನಗೆ ಸಿಟಿ ಬಸ್ ಓಡಿಸಲು ಕಲಿಸಿದವರು ಒಬ್ಬ ಇಂಗ್ಲಿಷ್ ಬ್ಯಾರೊನೆಟ್. ಅದು ಅಪ್ಪನಿಂದ ಹಿರಿಮಗನಿಗೆ ಇಳಿಯುವ ಬಿರುದು. ಇಂಗ್ಲೆಂಡಿನಲ್ಲಿ ಅಪ್ಪ ತೀರಿಕೊಂಡ ದಿನ ಇವರ ಹೆಸರಿನ ಮುಂದೆ ‘ಸರ್’ ಬಂದು ಕೂತಿತು. ಬಂಗಲೆ ತಾತನ ಕಾಲದಲ್ಲೇ ಮಾರಿಹೋಗಿತ್ತು. ಕೈಗೆ ಬಂದದ್ದು ಮುತ್ತಾತನ ತೈಲಚಿತ್ರ ಒಂದೇ. ಡಿಪೋದಲ್ಲಿ ಯಾರಿಗೂ ಹೇಳಕೂಡದು ಅಂತ ನನ್ನಿಂದ ಆಣೆ ಮಾಡಿಸಿಕೊಂಡರು. ಡಿಪೋದಲ್ಲಿ ಯಾರಿಗೂ ಹೇಳಲಿಲ್ಲ. ಇವರ ಬಸ್ಸಿನ ಪ್ಯಾಸೆಂಜರುಗಳಿಗೆ ಹೇಳಿದೆ. ಇಳಿಯುವಾಗ ‘ಥ್ಯಾಂಕ್ಯೂ ಡ್ರೈವರ್’ ಅನ್ನುತ್ತಿದ್ದವರು ಒಂದು ವಾರ ಇವರಿಗೆ ನಡು ಬಗ್ಗಿಸಿ ವಂದಿಸಿ ಇಳಿದರು. ಈ ರೂಟಿನವರಿಗೆಲ್ಲ ಸೊಂಟನೋವು, ಸೀಟು ಬದಲಿಸಿ ಅಂತ ಇವರು ಮೇಲಿನವರಿಗೆ ಬರೆದರು.

೨. ಮುತ್ತಾತನ ಬೆಲೆ

ಇವರಿಗೆ ಹೆಂಡತಿ ಇಲ್ಲ. ಒಬ್ಬನೇ ಮಗ, ಹೆಂಡತಿಯೊಂದಿಗೆ ವೆಲ್ಲಿಂಗ್ಟನ್ನಿನಲ್ಲಿದ್ದಾನೆ, ಎಲೆಕ್ಟ್ರಿಶಿಯನ್. ನನ್ನ ನಂತರ ಬಿರುದು ನಿನ್ನದು ಅಂತ ಇವರು ಅಂದದ್ದಕ್ಕೆ, ‘ಸರ್’ ಅನ್ನಿಸಿಕೊಂಡು ಯಾರ ಮನೆಯ ಫ್ಯೂಸ್ ಹಾಕಲಿ ಅಂತ ಜಗಳವಾಡಿ ಹೋದವನು ಆರು ವರ್ಷ ಇತ್ತ ತಲೆ ಹಾಕಲಿಲ್ಲ. ಬೇಜಾರಿನಲ್ಲಿ ಇವರು ಮುತ್ತಾತನನ್ನು ನನ್ನ ಹೆಗಲಿಗೇರಿಸಿ ಏವನ್‌ಡೇಲ್‌ನ ಭಾನುವಾರದ ಸಂತೆಗೆ ಒಯ್ದರು. ಇವರ ಎದುರುಮನೆಯ ಧಾರವಾಡದ ಆಂಟಿ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನ ಕಡೆ ತಿರುಗಿ, “ಈ ಅಜ್ಜ ಬ್ಯಾಡಂತ ಹೇಳ್ರಿ. ಬರೇ ಫ್ರೇಮಿಗೆ ಎಷ್ಟಂತ ಕೇಳ್ರಿ,” ಅಂದರು.

ಮುತ್ತಾತ ವಾಪಸು ಮನೆಗೆ ಬಂದ.

೩. ಎರಡು ತಟ್ಟೆ

ಇವರು ನಿವೃತ್ತರಾದ ದಿನ ನಮ್ಮ ಕಡೆಯ ಪದ್ಧತಿಯಂತೆ ಕೊರಳಿಗೆ ಗಂಧದ ಹಾರ ಹಾಕಿದೆ. ಆಮೇಲೆ ಇದನ್ನೇನು ಮಾಡುವುದು ಅಂತ ಕೇಳಿದರು. ಪ್ರೀತಿಯವರ ಫೋಟೋಗೆ ಹಾಕಿ ಅಂದೆ. ಮುತ್ತಾತನಿಗೆ ಹಾಕುತ್ತಾರೆ ಅಂದುಕೊಂಡಿದ್ದೆ. ಮಗನ ಫೋಟೋಗೆ ಹಾಕಿದರು.

ಮರುದಿನ ಆಂಟಿ ಕೋಸಂಬರಿ ಕೊಡಲು ಬಂದರು. ಹಾರ ಬಿದ್ದ ಫೋಟೋ ಕಂಡಿದ್ದೇ, ಹುಡುಗ ತೀರಿಕೊಂಡ ಅಂತ ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಯಾಕೆ ಅಂತ ಇವರು ಕೇಳಲಿಲ್ಲ. ಆ ಫೋಟೋ ನೋಡಿ ಅಳಲು ಅಷ್ಟು ವರ್ಷ ಜೊತೆಗೆ ಯಾರೂ ಇರಲಿಲ್ಲ. ಇವರೂ ಪಕ್ಕದಲ್ಲಿ ಕೂತು ಅತ್ತರು. ಅಂದಿನಿಂದ ಆ ಬೀದಿಯ ಮೂರು ಕನ್ನಡದ ಮನೆಗಳಿಂದ ಸರದಿಯಲ್ಲಿ ಊಟ ಬರತೊಡಗಿತು. ನಿವೃತ್ತರನ್ನು ನಿಮ್ಮವರು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆ ಅಂತ ಇವರು ನನ್ನ ಹತ್ತಿರ ಹೊಗಳಿದರು. ನಿಜ ಹೇಳಬೇಕಿತ್ತು. ಆದರೆ ದಿನಾ ಎರಡು ತಟ್ಟೆ ಇಡುತ್ತಿದ್ದರು, ಒಂದು ನನಗೆ. ನನ್ನ ಮನೆಯಲ್ಲಿ ತೊಳೆಯಲು ಇರುವುದೂ ಒಂದೇ ತಟ್ಟೆ. ಬಾಯಿ ತುಂಬಿದ್ದಾಗ ಮಾತಾಡಬಾರದಲ್ಲ.

೪. ಫೋಟೋದವನು

ಪಾಪ, ಸೊಸೆಗೆ ನಾಲ್ಕು ಸಮಾಧಾನದ ಮಾತು ಹೇಳಬೇಕು, ನಂಬರ್ ಕೊಡು ಅಂತ ಆಂಟಿ ಕೇಳಿದರು. ಇವರ ಫ್ರಿಜ್ಜಿನ ಮೇಲೆ ಅಂಟಿಸಿದ್ದ ಮಗನ ಮನೆಯ ನಂಬರನ್ನೇ ಕೊಟ್ಟೆ. ಎತ್ತಿದವನು ಮಗ. ಅತ್ತು ಅತ್ತು ಸೊಸೆಯ ದನಿ ಗಡಸಾಗಿದೆ ಅಂದುಕೊಂಡು, ಅವನು ಸತ್ತದ್ದಕ್ಕೆ ಆಂಟಿ ಅವನಿಗೇ ಹತ್ತು ನಿಮಿಷ ಸಾಂತ್ವನ ಹೇಳಿದರು. ನಿಮ್ಮ ಮಾವ ಆ ಫೋಟೋದ ಮುಂದೆ ದಿನಾ ಅಳುತ್ತಾರೆ ಅಂತಲೂ ಹೇಳಿದರು.

ಮರುದಿನವೇ ಅವನು ವಿಮಾನ ಹತ್ತಿ ಬಂದ. ಗೇಟಿನಲ್ಲಿ ಸಾರಿನ ಪಾತ್ರೆ ಹಿಡಿದ ಆಂಟಿ ಎದುರಾದರು. ನಾನು ಬದುಕಿದ್ದೇನೆ ಅಂತ ಅವನು ಹೇಳಿದ. ಆಂಟಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇಂಗ್ಲಿಷ್ ಮರೆತು, “ಬದುಕಿದ್ರ ಆರು ವರ್ಷ ಎಲ್ಲಿ ಸತ್ತಿದ್ದಿ?” ಅಂದರು.

ಬಾಗಿಲಿಗೆ ಬಂದಿದ್ದ ಬ್ಯಾರೊನೆಟ್, ಅನುವಾದ ಮಾಡು ಅಂತ ಪಕ್ಕದಲ್ಲಿದ್ದ ನನ್ನ ಕಡೆ ನೋಡಿದರು. ಮನೆಗೆ ಸ್ವಾಗತ ಅನ್ನುತ್ತಿದ್ದಾರೆ ಅಂದೆ.

ಬಿರುದಿನ ಮಾತು ಇಬ್ಬರೂ ಎತ್ತಲಿಲ್ಲ. ಮಗ ಮೂರು ದಿನ ಇದ್ದು, ಮನೆಯ ಸ್ವಿಚ್ಚುಗಳನ್ನೆಲ್ಲ ರಿಪೇರಿ ಮಾಡಿ, ಕ್ರಿಸ್‌ಮಸ್‌ಗೆ ಬರುತ್ತೇನೆ ಅಂತ ಹೋದ. ಹಾರದ ಅರ್ಥ ಇವರಿಗೂ, ಮಗ ಬದುಕಿರುವುದು ಮೂರು ಮನೆಗಳಿಗೂ ಈಗ ಗೊತ್ತಾಗಿತ್ತು, ಊಟ ನಿಂತಿತು.

ಮುಂದಿನ ವಾರ ಹೋದೆ. ಮಗನ ಫೋಟೋ ಮೇಲೆ ಹಾರ ಇರಲಿಲ್ಲ. ಪಕ್ಕದಲ್ಲಿ, ಬಸ್ಸಿನ ಯೂನಿಫಾರ್ಮಿನ ತಮ್ಮದೇ ಫೋಟೋಗೆ ಹಾಕಿದ್ದರು. ಅದರ ಕೆಳಗೆ ಕೂತು, ಎರಡು ತಟ್ಟೆ ಇಟ್ಟುಕೊಂಡು, ಕಿಟಕಿಯಿಂದ ಎದುರುಮನೆ ಕಡೆಗೇ ನೋಡುತ್ತಿದ್ದರು.

“ಬಾ, ಕೂತುಕೋ,” ಅಂದರು. “ಇನ್ನೂ ಅವರಿಗೆ ಸುದ್ದಿ ಮುಟ್ಟಿಲ್ಲ.”