ಬ್ಯಾಡಗಿ ಗೇಟಿನ ಫೌಜದಾರ

ಜಗತ್ತಿನಲ್ಲಿ ಈತನಕ ತಯಾರಾಗಿರುವುದು ಒಂದೇ ಒಂದು ಸಿನಿಮಾ, ಉಳಿದವೆಲ್ಲ ಬರೀ ಜಾಹೀರಾತು ಎಂದು ನಂಬಿದ ಮನುಷ್ಯನನ್ನು ನೀವು ನೋಡಿದ್ದೀರಾ? ನೋಡಿಲ್ಲವಾದರೆ ಬ್ಯಾಡಗಿಗೆ ಹೋಗಿ. ಮೆಣಸಿನಕಾಯಿ ಪೇಟೆಯ ಗೇಟಿನಲ್ಲಿ ಎರಡೂ ಹೆಬ್ಬೆರಳನ್ನು ಬೆಲ್ಟಿಗೆ ಸಿಕ್ಕಿಸಿಕೊಂಡು, ಕಣ್ಣು ಕಿರಿದು ಮಾಡಿ, ರಸ್ತೆಯ ಕಡೆ ದಿಟ್ಟಿಸುತ್ತ ನಿಂತ ಒಬ್ಬ ಮನುಷ್ಯ ಸಿಗುತ್ತಾನೆ. ಅವನೇ ನಮ್ಮ ಕಾಕಾ, ನನ್ನ ಅಪ್ಪನ ಒಬ್ಬನೇ ತಮ್ಮ. ಸರಕಿನ ಗಾಡಿಗಳನ್ನು ಸಾಲಾಗಿ ಒಳಗೆ ಬಿಡುವುದು ಅವನ ನೌಕರಿ. ಊರನ್ನು ದರೋಡೆಕೋರರಿಂದ ಕಾಯುವುದು ಅವನೇ ಹಚ್ಚಿಕೊಂಡ ಕೆಲಸ.

ಆ ಸಿನಿಮಾ ಒಂದು ಹಳೇ ಇಂಗ್ಲಿಷ್ ಚಿತ್ರ. ಕುದುರೆ, ಧೂಳು, ಮರದ ಮನೆಗಳ ಒಂದೇ ಬೀದಿ. ಕಾನೂನು ಇನ್ನೂ ಸರಿಯಾಗಿ ಬಂದು ಮುಟ್ಟದ ಗಡಿಯ ಊರು. ಅಲ್ಲಿ ಇಬ್ಬರೇ ಪೊಲೀಸರು, ಒಬ್ಬ ಹಿರಿಯ, ಒಬ್ಬ ಕಿರಿಯ. ಕಾಕಾನ ಭಾಷೆಯಲ್ಲಿ ಇಬ್ಬರೂ ಫೌಜದಾರರು, ಅದರಲ್ಲೂ ಖಾಸಾ ಅಣ್ಣ-ತಮ್ಮ. ದರೋಡೆಕೋರರು ಬರುತ್ತಾರೆಂದು ಸುದ್ದಿ ಬಂದ ಕೂಡಲೇ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತದೆ, ಇವರಿಬ್ಬರು ಬೀದಿಗೆ ಇಳಿಯುತ್ತಾರೆ. ಹದಿಮೂರನೇ ವಯಸ್ಸಿನಲ್ಲಿ ಕಾಕಾ ಅದನ್ನು ರಾಣೆಬೆನ್ನೂರಿನ ಒಂದು ಟಾಕೀಜಿನಲ್ಲಿ ನೋಡಿದ. ನನ್ನ ಅಪ್ಪನೇ ಕರೆದುಕೊಂಡು ಹೋಗಿದ್ದನಂತೆ. ಟಾಕೀಜಿನಿಂದ ಆ ಚಿತ್ರ ಮೂರೇ ದಿನಕ್ಕೆ ಕಿತ್ತುಹೋಯಿತು. ಕಾಕಾನ ತಲೆಯಿಂದ ಮೂವತ್ತೈದು ವರ್ಷವಾದರೂ ಹೋಗಿಲ್ಲ.

ಸೀಜನ್ನಿನಲ್ಲಿ ಬ್ಯಾಡಗಿಗೆ ಹೋದವರಿಗೆ ಗೊತ್ತು, ಪೇಟೆ ಹತ್ತಿರ ಬರುತ್ತಿದ್ದಂತೆ ಮೂಗಿಗೆ ಘಾಟು ಏರುತ್ತದೆ. ಡ್ರೈವರು, ಹಮಾಲರು, ರೈತರು, ದಲಾಲರು, ಎಲ್ಲರೂ ಟವೆಲ್ಲನ್ನು ಮೂಗು-ಬಾಯಿಗೆ ಬಿಗಿದು ಕಟ್ಟಿಕೊಂಡಿರುತ್ತಾರೆ. ಕಾಣುವುದು ಕಣ್ಣು ಮಾತ್ರ. ಆ ಸಿನಿಮಾದ ದರೋಡೆಕೋರರು ಕಟ್ಟಿಕೊಳ್ಳುವುದೂ ಹಾಗೆಯೇ! ಎಂದ ಮೇಲೆ ಕಾಕಾ ಸುಮ್ಮನಿರುತ್ತಾನೆಯೇ? ಒಳಗೆ ಹೋಗುವ ಪ್ರತಿ ಡ್ರೈವರನೂ ಮುಖ ತೋರಿಸಿಯೇ ಹೋಗಬೇಕು ಎಂದು ತನ್ನದೇ ಒಂದು ಕಾನೂನು ಮಾಡಿದ. ಡ್ರೈವರ ಟವೆಲ್ ಇಳಿಸುತ್ತಾನೆ, ಕಾಕಾ ತನ್ನ ಮುಖ ಹತ್ತಿರ ಒಯ್ದು ಪರೀಕ್ಷೆ ಮಾಡುತ್ತಾನೆ, ಡ್ರೈವರ ಆ ಮುಖದ ಮೇಲೆಯೇ ಸೀನುತ್ತಾನೆ. ದಿನಕ್ಕೆ ಇಂಥ ಎಷ್ಟು ಸೀನು ಬಿದ್ದರೂ ಕಾಕಾ ಕಾನೂನು ಸಡಿಲು ಮಾಡಲಿಲ್ಲ.

ಒಮ್ಮೆ ಮೇಡ್ಲೇರಿ ಕಡೆಯ ಟೆಂಪೋ ಒಂದು ಸಾಲು ತಪ್ಪಿಸಿ ಮುಂದೆ ನುಗ್ಗಿತು. ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಬೈದು ಹಿಂದಕ್ಕೆ ಅಟ್ಟುತ್ತಿದ್ದರು. ಕಾಕಾ ಬೈಯಲಿಲ್ಲ. ರಸ್ತೆಯ ನಡುವೆ ಹೋಗಿ, ಟೆಂಪೋಕ್ಕೆ ಬೆನ್ನು ಮಾಡಿ, ಅವನ ಸಿನಿಮಾದ ರಿವಾಜಿನಂತೆ ನಿಧಾನವಾಗಿ ಹತ್ತು ಹೆಜ್ಜೆ ನಡೆದ. ಆಮೇಲೆ ಗರ್ರನೆ ತಿರುಗಿ ಸೊಂಟದಿಂದ ಸೀಟಿ ಎಳೆದು ಊದಿದ. ಅಷ್ಟರಲ್ಲಿ ಟೆಂಪೋ ಒಳಗೆ ಹೋಗಿ, ಅರ್ಧ ಚೀಲ ಇಳಿಸಿ, ಡ್ರೈವರ ಚಹಾಕ್ಕೆ ಹೇಳಿ ಆಗಿತ್ತು!

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಅನ್ನುತ್ತಾರಲ್ಲ, ನಮ್ಮ ಕಾಕಾನೂ ಅದೇ ಜಾತಿಯವನು. ಆದರೆ ಒಂದು ಮಾತು ಒಪ್ಪಬೇಕು. ಅವನು ನಿಂತ ಗೇಟಿನಲ್ಲಿ ದೊಡ್ಡವರ ಲಾರಿಗೂ ಬಡವರ ಚಕ್ಕಡಿ ಗಾಡಿಗೂ ಒಂದೇ ಸಾಲು. ಯಾರ ಚೀಟಿ ತಂದರೂ, ಯಾರ ಹೆಸರು ಹೇಳಿದರೂ ಆ ಸಾಲು ಮುರಿಯುತ್ತಿರಲಿಲ್ಲ. ಆ ಸಿನಿಮಾದಲ್ಲಿ ಏನಿದೆ ಅಂತ ಮೂವತ್ತೈದು ವರ್ಷ ಹಿಡಿದುಕೊಂಡು ಕೂತಿದ್ದಾನೆ ಎಂದು ನಗುತ್ತಿದ್ದ ನನಗೆ ಉತ್ತರ ಸಿಕ್ಕಿದ್ದು ಆ ಗೇಟಿನಲ್ಲೇ. ಎಲ್ಲರೂ ಬಾಗಿಲು ಹಾಕಿಕೊಂಡಾಗ ಹೊರಗೆ ಒಬ್ಬ ನಿಂತಿರಬೇಕು ಎಂಬ ಕಥೆ ಯಾವ ಊರಲ್ಲಿ ಹಳೆಯದಾಗುತ್ತದೆ, ಹೇಳಿ?

ವಿಸಿಡಿ ಪ್ಲೇಯರ್ ಎಂಬ ಮಾಯೆ ಮನೆಗೆ ಬಂದ ಮೇಲಂತೂ ಕೇಳಬೇಡಿ. ಕಾಕಾ ಹುಬ್ಬಳ್ಳಿಗೆ ನಾಲ್ಕು ಸಲ ಅಲೆದು ಆ ಸಿನಿಮಾದ ಎರಡು ಡಿಸ್ಕು ಹುಡುಕಿ ತಂದ. ಅಂದಿನಿಂದ ಅವನ ಮನೆಗೆ ಬಂದವರಿಗೆ ಮೊದಲು ನೀರು, ಆಮೇಲೆ ಚಹಾ, ಆಮೇಲೆ ಫೌಜದಾರರು. ಕಾಕಾನಿಗೆ ಇಂಗ್ಲಿಷ್ ಒಂದಕ್ಷರ ಬಾರದು. ಆದರೂ ಟಿವಿಯ ಪಕ್ಕ ನಿಂತು ಮೊದಲಿನಿಂದ ಕಡೆಯವರೆಗೆ ಪ್ರತಿಯೊಂದು ಮಾತನ್ನೂ ನಮ್ಮ ಕನ್ನಡದಲ್ಲಿ ಹೇಳುತ್ತಿದ್ದ. ಎರಡನೇ ಡಿಸ್ಕಿನಲ್ಲಿ ಗೀರು ಬಿದ್ದು ಚಿತ್ರ ನಿಂತುಬಿಡುವ ಒಂದು ಜಾಗವಿತ್ತು, ಅಲ್ಲಿ ಸ್ವತಃ ಅಭಿನಯ ಮಾಡಿ ಕಥೆ ಮುಂದೆ ಸಾಗಿಸುತ್ತಿದ್ದ. ಅವನ ಹೆಂಡತಿ, ನಮ್ಮ ಕಾಕು ಮಾತ್ರ ಒಳಗಿನಿಂದ ರೊಟ್ಟಿ ಬಡಿಯುತ್ತ, "ಆ ಫೌಜದಾರ ಇನ್ನೂ ಹಂಗ ಅದಾನ, ನೋಡಿ ನೋಡಿ ನಾ ಮುದುಕಿ ಆದೆ" ಅನ್ನುತ್ತಿದ್ದಳು.

ಮಗಳಿಗೆ ಗಂಡು ನೋಡಿದ್ದೂ ಇದೇ ಸಿನಿಮಾದಿಂದ! ಕನ್ಯೆ ನೋಡಲು ಬಂದವರು ಅವಲಕ್ಕಿ ತಿಂದ ಮೇಲೆ ಕಾಕಾ ಟಿವಿ ಹಚ್ಚುತ್ತಿದ್ದ. ಒಬ್ಬ ಗಂಡು ಸರಕಾರಿ ನೌಕರಿಯವನು, ಹತ್ತು ನಿಮಿಷಕ್ಕೆ ಗೋಡೆಗೆ ಆತು ನಿದ್ದೆ ಹೋದ. ಅವನ ಜಾತಕ ಕೂಡಿದ್ದರೂ ಕಾಕಾ ಕೂಡಿಸಲಿಲ್ಲ. ಕಡೆಗೆ ಗುತ್ತಲದ ಕಿರಾಣಿ ಅಂಗಡಿಯ ಹುಡುಗನೊಬ್ಬ ಬಂದ. ಅವನು ಮೊದಲನೇ ಡಿಸ್ಕ್ ಮುಗಿದಾಗ ತಲೆ ತಗ್ಗಿಸಿ, "ಮುಂದ ಏನ್ ಆಗತೈತಿ ರೀ ಮಾವಾರ?" ಎಂದು ಕೇಳಿದ. ಕಾಕಾ ಒಳಗೆ ಹೋಗಿ ಕಾಕುಗೆ ಸಕ್ಕರೆ ಹಂಚಲು ಹೇಳಿದ.

ಇಷ್ಟೆಲ್ಲ ನಗುವಿನ ಕೆಳಗೆ ಒಂದು ಮುಳ್ಳಿತ್ತು, ಅದಕ್ಕೆ ಕಾರಣ ನನ್ನ ಮದುವೆ. ನಮ್ಮ ಕಡೆ ಒಡಹುಟ್ಟಿದವರನ್ನು ಮದುವೆಗೆ ಕರೆಯಬೇಕಾದರೆ ಮನೆಗೇ ಹೋಗಿ ಕುಂಕುಮ ಹಚ್ಚಿ, ಅಕ್ಷತೆ ಕೊಟ್ಟು ಕರೆಯಬೇಕು. ನನ್ನ ಅಪ್ಪ ಹಾವೇರಿಯಲ್ಲಿ ಇಂಗ್ಲಿಷ್ ಮಾಸ್ತರ, ಎಲ್ಲದಕ್ಕೂ ಪಟ್ಟಿ ಮಾಡುವ ಮನುಷ್ಯ. ಊರಿನವರ ಕಾರ್ಡು ಕೈಯಲ್ಲಿ, ಪರ ಊರಿನವರ ಕಾರ್ಡು ಪೋಸ್ಟಿನಲ್ಲಿ ಎಂದು ಎರಡು ಪಟ್ಟಿ ಮಾಡಿದ. ಬ್ಯಾಡಗಿ ಪರ ಊರಲ್ಲವೇ? ತಮ್ಮನ ಕಾರ್ಡಿಗೆ ಅಂಚೆ ಚೀಟಿ ಅಂಟಿತು. ಕಾಕಾ ಮದುವೆಗೆ ಬಂದ, ನನ್ನ ತಲೆಯ ಮೇಲೆ ಅಕ್ಕಿಕಾಳು ಹಾಕಿದ, ಊಟ ಮಾಡದೆ ಹೊರಟುಹೋದ. ಅಪ್ಪನಿಗೆ ತಪ್ಪು ಗೊತ್ತಾಗಿತ್ತು, ಆದರೆ ಮಾಸ್ತರರು ತಪ್ಪು ಒಪ್ಪುವುದುಂಟೇ? ಐದು ವರ್ಷ ಅಣ್ಣ-ತಮ್ಮ ಮಾತು ಬಿಟ್ಟರು. ನಾನು ಹಬ್ಬಕ್ಕೆಂದು ಬ್ಯಾಡಗಿಗೆ ಹೋಗಿ ಬಂದಾಗಲೆಲ್ಲ ಅಪ್ಪ ಏನೂ ಕೇಳುತ್ತಿರಲಿಲ್ಲ, ಆದರೆ ನಾನು ಅವ್ವನಿಗೆ ಸುದ್ದಿ ಹೇಳುವಾಗ ಪೇಪರಿನ ಹಾಳೆ ತಿರುಗಿಸುವುದನ್ನು ನಿಲ್ಲಿಸುತ್ತಿದ್ದ. ನನ್ನ ಮದುವೆಯಿಂದ ಎರಡು ಮನೆ ಕೂಡುವ ಬದಲು ಒಂದು ಮನೆ ಒಡೆಯಿತಲ್ಲ ಎಂದು ನನಗೆ ಒಳಗೊಳಗೇ ಸಂಕಟ.

ಮಗಳ ನಿಶ್ಚಯದ ದಿನ ಗೊತ್ತಾದಾಗ ಕಾಕಾ ಪೋಸ್ಟಿಗೆ ಹೋಗಲಿಲ್ಲ. ಫೌಜದಾರರು ರಿವಾಜು ತಪ್ಪುತ್ತಾರೆಯೇ? ಕುಂಕುಮ, ಅಕ್ಷತೆ ತೆಗೆದುಕೊಂಡು ತಾನೇ ಹಾವೇರಿಗೆ ಬಂದ. ಅಪ್ಪ ಎರಡು ಮಾರು ದೂರದಲ್ಲಿ ಆರಾಮ ಖುರ್ಚಿಯ ಮೇಲೆ ಕೂತಿದ್ದ. ಕಾಕಾ ನನ್ನ ಅವ್ವನ ಕಡೆ ತಿರುಗಿ, "ವೈನೀ, ನಿಮ್ಮ ಮನಿಯವರಿಗೂ ಬರಾಕ ಹೇಳ್ರಿ" ಅಂದ. ಅಪ್ಪ ಅವ್ವನಿಗೆ, ಬಂದವರಿಗೆ ಚಹಾ ಕೊಡು ಅಂದ. ಅವ್ವ ನಡುವೆ ನಿಂತು ಇಬ್ಬರ ಮಾತನ್ನೂ ಇಬ್ಬರಿಗೂ ಮುಟ್ಟಿಸಿದಳು.

ನಿಶ್ಚಯದ ದಿನ ನಾವೆಲ್ಲ ಬ್ಯಾಡಗಿಗೆ ಹೋದೆವು. ಊಟವಾಗಿ ಗುತ್ತಲದ ಬೀಗರು ಹೊರಟ ಮೇಲೆ ಮನೆಯವರಷ್ಟೇ ಉಳಿದೆವು. ಅಪ್ಪ ಬಾಗಿಲ ಹತ್ತಿರದ ಖುರ್ಚಿಯಲ್ಲಿ, ಬಸ್ಸಿಗೆ ಹೊತ್ತಾಯಿತು ಎಂಬ ಮುಖ ಮಾಡಿ ಕೂತಿದ್ದ. ಕಾಕಾ ಡಿಸ್ಕು ಹಾಕಿ ಟಿವಿಯ ಪಕ್ಕ ನಿಂತ.

ಅದರಲ್ಲಿ ಎಲ್ಲರ ಕಣ್ಣು ಒದ್ದೆ ಮಾಡುವ ಒಂದು ಜಾಗವಿದೆ. ದರೋಡೆಕೋರರು ಇನ್ನೇನು ಬರಬೇಕು, ಕಿರಿಯ ಫೌಜದಾರ ಹೆದರಿ ನಿಂತಿರುತ್ತಾನೆ. ಹಿರಿಯವನು ಹತ್ತಿರ ಬಂದು, ದನಿ ತಗ್ಗಿಸಿ ಏನೋ ಹೇಳುತ್ತಾನೆ. ಕಾಕಾ ಅದನ್ನು ಹೇಳುವಾಗ ಅವನ ದನಿಯೂ ತಗ್ಗುತ್ತದೆ: "ಅಂಜಬ್ಯಾಡೋ ತಮ್ಮಾ. ನೀ ಎಲ್ಲೆ ಹೋದರೂ ನಿನ್ನ ಹಿಂದ ನಾ ಅದೇನಿ." ವಿಸಿಡಿ ಬರುವ ಎಷ್ಟೋ ಮೊದಲೇ, ಚಿಕ್ಕಂದಿನಿಂದ ಕಾಕಾನ ಬಾಯಲ್ಲಿ ಈ ಮಾತು ಕೇಳಿ ಬೆಳೆದವಳು ನಾನು.

ನನ್ನ ಗಂಡ ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿ ಇರುವವರು, ಇಂಗ್ಲಿಷ್ ಚೆನ್ನಾಗಿ ಬಲ್ಲವರು, ಕಾಕಾನ ಮನೆಗೆ ಅದೇ ಮೊದಲು ಬಂದವರು, ಈ ಸಿನಿಮಾಕ್ಕೂ ಹೊಸಬರು. ಅವರು ಒಳ್ಳೆಯ ಮನಸ್ಸಿನಿಂದಲೇ, "ಕಾಕಾ, ಅಂವ ಹಂಗ ಅಂದಿಲ್ಲರಿ. ಕುದುರಿ ಲಾಳ ಸಡ್ಲ ಆಗೇತಿ, ಬಡಿಸ್ಕೋ ಅಂದಾನ" ಅಂದುಬಿಟ್ಟರು. ಆ ಫೌಜದಾರರಿಬ್ಬರು ಅಣ್ಣ-ತಮ್ಮಂದಿರೂ ಅಲ್ಲ ಎಂದು ಸೇರಿಸಿದರು.

ಮೂವತ್ತೈದು ವರ್ಷ ನಾವು ಕಣ್ಣೀರು ಹಾಕಿದ್ದು ಒಂದು ಕುದುರೆಯ ಲಾಳಕ್ಕೆ! ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆವು. ಆದರೆ ಕಾಕಾನ ಮುಖ ನೋಡಿ ಯಾರಿಗೂ ನಗು ಬರಲಿಲ್ಲ. ಅವನು ರಿಮೋಟು ಒತ್ತಿ ಚಿತ್ರ ನಿಲ್ಲಿಸಿದ. ನಿಂತ ಚಿತ್ರವನ್ನೇ ನೋಡಿದ. ಆಮೇಲೆ ಐದು ವರ್ಷಗಳಲ್ಲಿ ಮೊದಲ ಸಲ ನೇರವಾಗಿ ನನ್ನ ಅಪ್ಪನ ಕಡೆ ನೋಡಿದ.

ಅಪ್ಪ ಖುರ್ಚಿಯಿಂದ ಎದ್ದ. "ಹಂಗ ಅಂದಾನ. ತಮ್ಮ ಹೇಳಿದ್ದು ಬರೋಬ್ಬರಿ ಐತಿ" ಅಂದ. ಅಳಿಯನ ಕಡೆ ತಿರುಗಿ, "ಮೂವತ್ತು ವರ್ಷ ಇಂಗ್ಲಿಷ್ ಕಲಿಸೇನಿ. ನನಗ ತಿಳಿಯೂದಿಲ್ಲೇನು?" ಎಂದೂ ಕೇಳಿದ. ನನ್ನ ಗಂಡ ಪಾಪ, ತಮ್ಮ ಕಿವಿಯದೇ ತಪ್ಪು ಎಂದು ಒಪ್ಪಿಕೊಂಡರು.

ಕಾಕಾ, "ಅಣ್ಣಾ, ಮುಂದ ಬಂದು ಕುಂದರು. ಅಲ್ಲಿಂದ ಛಂದ ಕಾಣೂದಿಲ್ಲ" ಅಂದ. ಅಪ್ಪ ಖುರ್ಚಿ ಎಳೆದುಕೊಂಡು ಬಂದು ಟಿವಿಯ ಮುಂದೆ ಕೂತ. ಎರಡೂ ಡಿಸ್ಕು ಮುಗಿಯುವವರೆಗೆ ಏಳಲಿಲ್ಲ. ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಚಹಾಕ್ಕೆ ಇಟ್ಟಳು, ಎರಡು ಬಸ್ಸು ಹೋದವು.

ಸಂಜೆ ಬಸ್ಸಿನಲ್ಲಿ ನಾನು ಅಪ್ಪನ ಪಕ್ಕ ಕೂತಿದ್ದೆ. ಮೋಟೆಬೆನ್ನೂರು ದಾಟಿದ ಮೇಲೆ ಅವನು ತಾನಾಗಿಯೇ ಹೇಳಿದ, ಅಳಿಯನ ಮಾತೇ ಸರಿ, ಅದು ಲಾಳದ ಸುದ್ದಿಯೇ ಎಂದು. ಅದು ಅವನಿಗೆ ತಿಳಿದದ್ದೂ ಇವತ್ತೇ, ವಿಸಿಡಿ ಬಂದದ್ದು ಇಬ್ಬರೂ ಮಾತು ಬಿಟ್ಟ ಮೇಲಲ್ಲವೇ. ಸಿನಿಮಾ ನೋಡಿದಾಗ ಅವನೂ ಕನ್ನಡ ಶಾಲೆಯಲ್ಲಿ ಓದಿ ಆಗಷ್ಟೇ ಕಾಲೇಜಿಗೆ ಹೋಗಿದ್ದ ಹುಡುಗ, ಇಂಗ್ಲಿಷ್ ಒಂದೂ ಅರ್ಥವಾಗುತ್ತಿರಲಿಲ್ಲ. ಕಾಕಾ ಪ್ರತಿ ಮಾತಿಗೂ ಏನಂದ ಅಣ್ಣಾ, ಏನಂದ ಎಂದು ಕೇಳುತ್ತಿದ್ದ, ಅಪ್ಪ ಬಾಯಿಗೆ ಬಂದದ್ದು ಹೇಳುತ್ತಿದ್ದ. ಕಾಕಾ ಅದನ್ನೆಲ್ಲ ಒಂದಕ್ಷರ ಬಿಡದೆ ಕಾಪಾಡಿಕೊಂಡು ಬಂದಿದ್ದ.

"ನಮ್ಮವ್ವ ತೀರಿಕೊಂಡು ತಿಂಗಳ ಆಗಿರಲಿಲ್ಲ ನೋಡವಾ" ಅಂದ ಅಪ್ಪ. "ತಮ್ಮ ಊಟ ಬಿಟ್ಟಿದ್ದ, ಮಾತ ಬಿಟ್ಟಿದ್ದ. ಮನಸ್ಸರ ಹಗುರಾಗಲಿ ಅಂತ ಕರಕೊಂಡ ಹೋಗಿದ್ದೆ. ಕತ್ತಲದಾಗ ನನ್ನ ಕೈ ಗಟ್ಟಿ ಹಿಡಕೊಂಡ ಕುಂತಿದ್ದ. ಆ ಹೊತ್ತಿನ್ಯಾಗ ಪಡದೆ ಮ್ಯಾಲೆ ಆ ಫೌಜದಾರ ಏನೋ ಅಂದ, ಇಂವ 'ಏನಂದ ಅಣ್ಣಾ' ಅಂತ ಕೇಳಿದ. ನನಗ ಬ್ಯಾರೆ ಏನೂ ಹೇಳಾಕ ಬರಲಿಲ್ಲ."

ನಾನು, ಕಾಕಾಗ ಖರೇ ಸಂಗತಿ ಹೇಳೂದಿಲ್ಲೇನು ಅಂತ ಕೇಳಿದೆ.

"ಏನ ಹೇಳ್ಲಿ?" ಅಂದ ಅಪ್ಪ. "ಅಂವ ಹೇಳೂದ ಖರೇ ಐತಿ."