ಒಣಮೀನಿನ ವಾಸನೆ ಬಾರದ ಬೆಳಿಗ್ಗೆ

"ಈ ಸಲ ಪರೀಕ್ಷೆ ಮುಂದೆ ಹೋದ್ರೂ ಸರಿಯೇ, ನಾನು ಮಾತ್ರ ಹಿಂದೆ ಹೋಗೋಳಲ್ಲ!"

ಹೀಗೆಂದು ಘೋಷಿಸಿದ ಫ್ಲೋರ್ದೆಲಿಸಾ ತಲೆದಿಂಬು, ಲ್ಯಾಪ್‌ಟಾಪು, ಇಟ್ಟಿಗೆ ಗಾತ್ರದ ಕಾನೂನು ಪುಸ್ತಕಗಳ ಸಮೇತ ಮಲಗುವ ಕೋಣೆ ಹೊಕ್ಕು ಚಿಲಕ ಹಾಕಿಕೊಂಡಳು. ಹೊರಗಿದ್ದ ಗಂಡ ವೆನ್ಸಿಯಾಗಲಿ ಅತ್ತೆಯಾಗಲಿ ಚಪ್ಪಾಳೆ ತಟ್ಟಲಿಲ್ಲ. ಇಂಥ ಘೋಷಣೆ ಅವರಿಗೆ ಹಳತಾಗಿತ್ತು. ವಕೀಲಿ ಸನ್ನದಿನ ಪರೀಕ್ಷೆ ಮೊದಲು ರೋಗಕ್ಕೆಂದು ಮುಂದೆ ಹೋಯಿತು, ಆಮೇಲೆ ರೋಗದ ಹೊಸ ಅವತಾರಕ್ಕೆಂದು ಹೋಯಿತು, ಕೊನೆಗೆ ಚಂಡಮಾರುತಕ್ಕೆಂದೂ ಹೋಯಿತು. ಇಲೋಇಲೋ ಪಟ್ಟಣದ ಆ ಗಲ್ಲಿಯವರು ಅವಳನ್ನು ಮೊದಲು 'ಲಾಯರಮ್ಮ' ಎಂದು ಕರೆದರು. ಕರೆದೂ ಕರೆದೂ ಬೇಸತ್ತು ಮತ್ತೆ 'ವೆನ್ಸಿ ಹೆಂಡ್ತಿ'ಗೇ ಮರಳಿದ್ದರು.

ಪರೀಕ್ಷೆಗೆ ಮುಂಚಿನ ಎರಡು ವಾರ ಯಾರನ್ನೂ ಸೋಕದೆ ಬೇರೆ ಇರಬೇಕು, ಮೂಗಿಗೆ ಕಡ್ಡಿ ಹಾಕಿಸಿಕೊಂಡು 'ರೋಗವಿಲ್ಲ' ಅನ್ನಿಸಿಕೊಳ್ಳಬೇಕು ಎಂಬುದು ನಿಯಮ. ನಿಯಮವೆಂದರೆ ಫ್ಲೋರ್ದೆಲಿಸಾಗೆ ಪ್ರಾಣ. ಒಂದು ನಿಯಮ ಕೊಟ್ಟರೆ ಅದಕ್ಕೆ ಮೂರು ಉಪನಿಯಮ ತಾನೇ ಹುಟ್ಟಿಸುವಳು!

"ವೆನ್ಸಿ, ವಾಸನೆ ಹೋದ್ರೆ ರೋಗ ಬಂತು ಅಂತ ಅರ್ಥ. ದಿನಾ ಬೆಳಿಗ್ಗೆ ಒಣಮೀನು ಹುರಿ. ವಾಸನೆ ಬಂದ್ರೆ ಒಳಗಿಂದ ಗೋಡೆ ತಟ್ತೀನಿ."

"ದಿನಾನಾ?"

"ದಿನಾ!"

ವೆನ್ಸಿ ಬಾಡಿಗೆಗೆ ಓಡಿಸುತ್ತಿದ್ದ ಜೀಪ್ನಿ ಬಂಡಿಗೆ ರಸ್ತೆಗಿಳಿಯುವ ಅಪ್ಪಣೆ ಇರಲಿಲ್ಲ. ಅದು ಮನೆ ಮುಂದೆ ಅತ್ತೆಯ ಬಟ್ಟೆಯ ಹಗ್ಗಕ್ಕೆ ಕಂಬವಾಗಿ ನಿಂತಿತ್ತು. ಹಾಗಾಗಿ ಅಡುಗೆ, ನೀರು, ಬಟ್ಟೆ, ಎಲ್ಲವೂ ಅವನ ತಲೆಗೆ ಬಂದಿತ್ತು. ಈಗ ಮೀನೂ ಬಂತು. ಒಣಮೀನಿನ ವಾಸನೆ ಚಿಲಕಕ್ಕೆಲ್ಲ ಹೆದರುವ ಪೈಕಿಯಲ್ಲ. ಬೆಳಿಗ್ಗೆ ಬಾಣಲೆ ಚುರ್ ಎಂದರೆ ಗೋಡೆ ಢಬ್ ಎನ್ನುವುದು, ಪಕ್ಕದ ಮನೆಯ ಕಿಟಕಿ ಪಟಾರನೆ ಮುಚ್ಚಿಕೊಳ್ಳುವುದು!

ಹೀಗೇ ಒಂದು ವಾರ ನಡೆಯಿತು. ಒಂದು ಬೆಳಿಗ್ಗೆ ಫ್ಲೋರ್ದೆಲಿಸಾ ಎದ್ದು ಮೂಗರಳಿಸಿದಳು. ಏನೂ ಇಲ್ಲ! ಬಾಗಿಲ ಸಂದಿಗೆ ಮೂಗಿಟ್ಟಳು. ಊಹೂಂ!

"ವೆನ್ಸಿ! ಮೀನು ಹುರಿದ್ಯಾ?"

"ಹೂಂ... ಹುರಿದೆ ಹುರಿದೆ."

ಅವಳು ಸ್ಯಾನಿಟೈಸರ್ ಮೂಸಿದಳು, ಮೂಗು ಉರಿಯಿತು. 'ಉರಿಯೇ ಬೇರೆ, ವಾಸನೆಯೇ ಬೇರೆ' ಎಂದು ತನ್ನ ವಿರುದ್ಧವೇ ವಾದ ಹೂಡಿ ಗೆದ್ದಳು. ಮುಚ್ಚಿಟ್ಟರೆ ಯಾರಿಗೂ ತಿಳಿಯದು. ಆದರೆ ಕಾನೂನಿನ ಪರವಾಗಿ ನಿಲ್ಲುವವಳು ಮೊದಲ ಹೆಜ್ಜೆಯಲ್ಲೇ ಕಾನೂನಿನ ಕಣ್ಣಿಗೆ ಮಣ್ಣೆರಚುವುದೇ? ಎರಡು ವರ್ಷದ ಓದು ನೀರುಪಾಲಾಯಿತೆಂದು ಕಣ್ಣೊರೆಸಿಕೊಳ್ಳುತ್ತ ಆರೋಗ್ಯ ಕಚೇರಿಗೆ ಫೋನು ಮಾಡಿ ತನ್ನ ಮೇಲೆ ತಾನೇ ದೂರು ಕೊಟ್ಟಳು.

ನೀರು ಹಿಡಿಯಲು ಹೋಗಿದ್ದ ವೆನ್ಸಿ ವಾಪಸು ಬರುವಷ್ಟರಲ್ಲಿ ಮನೆ ಮುಂದೆ ವ್ಯಾನು ನಿಂತಿತ್ತು. ಬಿಳಿ ಮುಸುಕಿನವರು ಗಲ್ಲಿಗೆ ಹಗ್ಗ ಕಟ್ಟುತ್ತಿದ್ದರು. ಅತ್ತೆ ಜಪಸರ ಹಿಡಿದು, ಇನ್ನೂ ಸಾಯದ ಸೊಸೆಗಾಗಿ ಜೋರಾಗಿ ಅಳುತ್ತಿದ್ದರು. ವೆನ್ಸಿ ಬಕೆಟ್ಟು ಕೈಬಿಟ್ಟ.

"ಡಾಕ್ಟ್ರೇ, ಅವಳಿಗೇನೂ ಆಗಿಲ್ಲ! ನಾನು ಇವತ್ತು ಮೀನೇ ಹುರಿದಿಲ್ಲ!"

"ಹೆಂಡ್ತೀನ ಉಳಿಸ್ಕೊಳ್ಳೋಕೆ ಸುಳ್ಳು ಹೇಳ್ತಿದಾನೆ, ನಂಬಬೇಡಿ!" ಎಂದು ಅತ್ತೆ ಇನ್ನಷ್ಟು ಅತ್ತರು.

ಡಾಕ್ಟರ್ ಸಾಲ್ವಿಲ್ಯಾ ಬಹಳ ದಿನದಿಂದ ನಿದ್ದೆ ಕಾಣದ ಹೆಂಗಸು. ಮೀನಿನ ವಿಚಾರಣೆ ನಡೆಸುವ ತ್ರಾಣ ಅವರಿಗಿರಲಿಲ್ಲ. ಮೂವರ ಮೂಗಿಗೂ ಕಡ್ಡಿ ಹಾಕಿಸಿದರು. ಅತ್ತೆಗೆ ರೋಗವಿಲ್ಲ. ಫ್ಲೋರ್ದೆಲಿಸಾಗೂ ಇಲ್ಲ. ವೆನ್ಸಿಗೆ ಇತ್ತು!

"ಗಂಡನ ಮುಖ ನೋಡಿ ಎಷ್ಟು ದಿನ ಆಯ್ತು?" ಡಾಕ್ಟರು ಕಿಟಕಿಯ ಹೊರಗಿನಿಂದಲೇ ಕೇಳಿದರು.

"ವಾರದ ಮೇಲಾಯ್ತು. ಊಟಾನೂ ಬಾಗಿಲ ಹೊರಗಿಟ್ಟು ಹೋಗ್ತಾನೆ."

"ಒಂದೇ ಮನೇಲಿ ಇದ್ಕೊಂಡು?"

"ಒಂದೇ ಮನೇಲಿ."

"ಎಲ್ಲಾ ಗಂಡ ಹೆಂಡ್ತಿ ಹೀಗೇ ಇದ್ದಿದ್ರೆ ಈ ರೋಗ ಎಂದೋ ಊರು ಬಿಡ್ತಿತ್ತು," ಎಂದು ಡಾಕ್ಟರು ನಿಟ್ಟುಸಿರುಬಿಟ್ಟರು. ಪರೀಕ್ಷೆಗೆ ಮುಂಚೆ ಇನ್ನೊಮ್ಮೆ ಕಡ್ಡಿ ಹಾಕಿಸಿಕೊಂಡು ಪಾರಾದರೆ ಬರೆಯಬಹುದು ಎಂದರು.

ವ್ಯಾನು ಹತ್ತುವ ಮುಂಚೆ ವೆನ್ಸಿ ಕಿಟಕಿಯಿಂದ ದೂರ ನಿಂತ. ಮುಖ ಇಳಿದುಹೋಗಿತ್ತು. ಇಷ್ಟು ಸೊರಗಿದ್ದು ಯಾವಾಗ ಎಂದು ಅವಳಿಗೆ ತಿಳಿಯಲಿಲ್ಲ.

"ಹುರಿದೆ ಅಂತ ಯಾಕೋ ಸುಳ್ಳು ಹೇಳ್ದೆ?"

"ಮೈಯೆಲ್ಲಾ ನೋವು ಕಣೇ. ಬ್ರೆಡ್ ತಿಂದು ಬಿದ್ಕೊಂಡಿದ್ದೆ. ಇಲ್ಲ ಅಂದ್ರೆ ನೀನು ಕಾನೂನಿನ ಕಲಮು ಸಮೇತ ಬಯ್ತೀಯ ಅಂತ ಹೂಂ ಅಂದುಬಿಟ್ಟೆ."

"ಸುಸ್ತಾಗಿದೆ ಅಂತ ಒಂದು ಮಾತು ಹೇಳಬಾರದಿತ್ತಾ?"

"ನೀನು ದಿನಾ ಹೇಳ್ತಿದ್ಯಲ್ಲ. ಮನೆಗೊಬ್ಬರು ಸಾಕು ಅಂತ ಸುಮ್ಮನಿದ್ದೆ."

ಸಾಕ್ಷಿಯನ್ನು ಜಾಲಾಡುವುದು ಹೇಗೆಂದು ನಾಲ್ಕು ಪುಸ್ತಕ ಅರೆದು ಕುಡಿದಿದ್ದ ಫ್ಲೋರ್ದೆಲಿಸಾ ಕಿಟಕಿಯ ಸರಳು ಹಿಡಿದು ನಿಂತಳು. ವ್ಯಾನು ಹೋಯಿತು.

ಆಮೇಲಿನ ದಿನಗಳಲ್ಲಿ ಅತ್ತೆ ಮಾಸ್ಕು ಬಿಗಿದುಕೊಂಡು ಅಂಗಳದಲ್ಲಿ ಅನ್ನ ಬೇಯಿಸಿದರು. ಸೊಸೆ ಓದಿದಳು, ಓದಿದ್ದು ತಲೆಗೆ ಹತ್ತದಿದ್ದಾಗ ಗಂಡನಿಗೆ ಫೋನು ಮಾಡಿದಳು. ಎರಡನೆಯ ಕಡ್ಡಿಯಲ್ಲೂ ಪಾರಾದಳು. ಪರೀಕ್ಷೆ ಎಲ್ಲಿಗೂ ಮುಂದೆ ಹೋಗಲಿಲ್ಲ. ಎದುರಿಗೇ ಬಂದು ನಿಂತಿತು. ಬರೆದಳು. ಕೊನೆಯ ದಿನ ಗೇಟಿನಿಂದ ಹೊರಬಂದು ರಸ್ತೆ ಬದಿಯ ಕಟ್ಟೆಯ ಮೇಲೆ ಕುಸಿದು ಕೂತಳು. ಫೋನು ಬಂತು.

"ಹೇಗಾಯ್ತೇ?"

"ಮುಗೀತು ಕಣೋ. ಅಷ್ಟೇ ಗೊತ್ತು. ನಿಂಗೆ ಹೇಗಿದೆ?"

"ನಂಗೇನು! ಹೊತ್ತು ಹೊತ್ತಿಗೆ ಊಟ, ಬೇಕಾದಷ್ಟು ನಿದ್ದೆ. ಆದ್ರೆ ಒಂದು ಎಡವಟ್ಟಾಗಿದೆ. ಹೆಂಡ್ತಿ ಲಾಯರು ಅಂತ ವಾರ್ಡಿನಲ್ಲಿ ಎಲ್ಲರಿಗೂ ಹೇಳಿಬಿಟ್ಟಿದೀನಿ."

"ಅಯ್ಯೋ ಮಾರಾಯ! ಫಲಿತಾಂಶ ಬರೋವರೆಗೂ ನಾನು ಲಾಯರಲ್ಲ!"

"ಅದನ್ನೂ ಹೇಳ್ದೆ. ಹಾಗಾದ್ರೆ ಫೀಸು ಕೊಡಬೇಕಾಗಿಲ್ಲ ಅಂತ ಈಗ ಸಾಲು ನಿಂತಿದಾರೆ. ತಗೋ, ಮೊದಲನೆಯವರು ಮಾತಾಡ್ತಾರೆ."

ಕೆಮ್ಮು ತುಂಬಿದ ಮುದುಕನ ದನಿಯೊಂದು ಕೇಳಿತು. "ಲಾಯರಮ್ಮಾ, ಪಕ್ಕದ ಮನೆಯವನು ನನ್ನ ಮೇಲೆ ಕೇಸು ಹಾಕ್ತೀನಿ ಅಂತಾನೆ. ಒಂದು ಹುಂಜದ ವಿಷಯ."

ಫ್ಲೋರ್ದೆಲಿಸಾ ಕಣ್ಣುಮುಚ್ಚಿ ಗೋಡೆಗೆ ಒರಗಿದಳು. ಮೈಯಲ್ಲಿ ಕಸುವಿರಲಿಲ್ಲ, ಆದರೂ ದನಿಗೆ ಸ್ವಲ್ಪ ಗಾಂಭೀರ್ಯ ಬಳಿದುಕೊಂಡಳು.

"ಹುಂಜ ಯಾರದು ತಾತ?"

"ನನ್ನದೇ ಅಂತ ಹೇಳಿದೀನಿ," ಎಂದು ಮುದುಕ ದನಿ ತಗ್ಗಿಸಿದ. "ಯಾಕೆ, ನಿಮಗೆ ನಿಜ ಬೇಕಿತ್ತಾ?"