ರುಕ್ಕುವಿಗೆ ನಾನು ಬರೆದ ಕೊನೆ

ಹಳೆಯ ಹೆಸರುವಾಸಿ ಕಾದಂಬರಿಗಳ ಕೊನೆಯ ಸಾಲನ್ನು ಹೊಗಳುವವರಲ್ಲಿ ಬಹಳಷ್ಟು ಜನ ಆ ಸಾಲಿನ ತನಕ ಓದಿರುವುದಿಲ್ಲ ಎಂಬುದು ನನ್ನ ಬಹುಕಾಲದ ಗುಮಾನಿ. ಗುಮಾನಿ ಏಕೆ ಬಂತೆಂದರೆ, ಆ ಗುಂಪಿನಲ್ಲಿ ನಾನೂ ಇದ್ದೇನೆ. ಮೊದಲ ಸಾಲನ್ನು ಹೊಗಳುವುದು ಸುಲಭದ ಕೆಲಸ. ಅದನ್ನು ಪುಸ್ತಕದಂಗಡಿಯಲ್ಲಿ ನಿಂತ ಕಾಲಿನಲ್ಲೇ ಓದಿಬಿಡಬಹುದು. ಹಾಗಾಗಿ ಅದಕ್ಕೆ ಅಷ್ಟು ಮರ್ಯಾದೆಯೂ ಇಲ್ಲ. ಕೊನೆಯ ಸಾಲು ಹಾಗಲ್ಲ. ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತ ಕುಳಿತಾಗ ಯಾರಾದರೂ ಒಂದು ಕಾದಂಬರಿಯ ಹೆಸರೆತ್ತಿದರೆ ನಾನು ಕಣ್ಣು ಅರೆಮುಚ್ಚಿ, "ಅದರ ಕೊನೇ ಸಾಲು ಇದೆಯಲ್ಲ..." ಎಂದು ನಿಲ್ಲಿಸುತ್ತೇನೆ. ಅಷ್ಟೇ. ಮುಂದಿನದನ್ನು ಕೇಳುವ ಧೈರ್ಯ ಯಾರಿಗೂ ಬರುವುದಿಲ್ಲ, ಕೇಳಿದರೆ ತಾವು ಓದಿಲ್ಲವೆಂದು ಒಪ್ಪಿಕೊಂಡಂತಾಗುತ್ತದೆ. ಎಲ್ಲರೂ ತಲೆದೂಗುತ್ತಾರೆ. ಅಷ್ಟರಲ್ಲಿ ಎಲೆ ಹಾಕುತ್ತಾರೆ. ವಿಮಾ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ, ಬೇರೆಯವರು ಬರೆದ ಅರ್ಜಿಗಳ ಕೊನೆಯ ಪುಟವನ್ನಷ್ಟೇ ನೋಡಿ ಸಹಿ ಹಾಕಿ ನಿವೃತ್ತನಾದವನಿಗೆ ಇದೇನು ದೊಡ್ಡ ವಿದ್ಯೆಯಲ್ಲ.

ಈ ವಿದ್ಯೆಗೆ ಸಂಚಕಾರ ಬಂದದ್ದು ಶಾರದತ್ತೆಯ ಕಣ್ಣಿನ ಪೊರೆಯಿಂದ. ಶಾರದತ್ತೆ ನಮ್ಮಪ್ಪನ ತಂಗಿ, ವಯಸ್ಸು ಎಂಬತ್ತೆರಡು, ಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಚಾಮರಾಜಪೇಟೆಯ ಅವರ ಮನೆಯಲ್ಲಿ ಮಗಳು ಉಷಾ ಜೊತೆಗಿದ್ದಾಳೆ. ಎರಡೂ ಕಣ್ಣಿಗೆ ಒಂದರ ಹಿಂದೊಂದು ಆಪರೇಷನ್ ಆಗಿ, ಹೊಸ ಕನ್ನಡಕ ಬರುವ ತನಕ ಓದಬಾರದು, ಟಿವಿ ನೋಡಬಾರದು ಎಂದು ಡಾಕ್ಟರು ಹೇಳಿದ್ದರು. ಉಷಾ ಬ್ಯಾಂಕಿನಿಂದ ಬರುವುದು ಏಳು ಗಂಟೆಗೆ. ಅತ್ತೆ ನಮ್ಮ ಮನೆಗೆ ಫೋನ್ ಮಾಡಿದರು. "ಕಂಠಿ, ನೀನು ಹೇಗೂ ಖಾಲಿ ಕೂತಿರ್ತೀಯ. ಸಾಯಂಕಾಲ ಬಂದು ಏನಾದ್ರೂ ಓದಿ ಹೇಳು." ಸ್ಪೀಕರ್ ಹಾಕಿತ್ತು. ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ನಾಗರತ್ನ, "ನಾಳೆಯಿಂದಾನೇ ಕಳಿಸ್ತೀನಿ ಅತ್ತೆ" ಎಂದಳು, ಇಸ್ತ್ರಿಗೆ ಬಟ್ಟೆ ಕಳಿಸುವವಳ ಹಾಗೆ.

ಏನು ಓದುವುದು ಎಂಬ ಪ್ರಶ್ನೆ ಬಂದಾಗ ನನ್ನ ಬುದ್ಧಿ ಸುಮ್ಮನಿರಲಿಲ್ಲ. ಹಳೆಯ ಕಾದಂಬರಿಯೊಂದರ ಹೆಸರು ಹೇಳಿ, "ಅದರ ಕೊನೇ ಸಾಲು ಇದೆಯಲ್ಲ ಅತ್ತೆ..." ಎಂದು ಎಂದಿನಂತೆ ನಿಲ್ಲಿಸಿದೆ. ಅತ್ತೆ ಮದುವೆಮನೆಯ ಜನರಂತಲ್ಲ. "ಏನು ಅದು?" ಎಂದರು. "ಈಗ್ಲೇ ಹೇಳಿದ್ರೆ ಸ್ವಾರಸ್ಯ ಹೋಗತ್ತೆ" ಎಂದು ಜಾರಿಕೊಂಡೆ. ಆ ಕಾದಂಬರಿಯ ಕೊನೆಯನ್ನು ನಾನು ಓದಿರಲಿಲ್ಲ. ಗೆಳೆಯ ಗೋಪಿ ಹೊಗಳುವುದನ್ನು ಕೇಳಿದ್ದೆ. ಗೋಪಿ ಮಲ್ಲೇಶ್ವರದಲ್ಲಿದ್ದಾನೆ, ಕಾಲೇಜಿನಲ್ಲಿ ಇಪ್ಪತ್ತು ವರ್ಷ ಅದೇ ಕಾದಂಬರಿಯನ್ನು ಪಾಠ ಮಾಡಿದವನು. ಅವೆನ್ಯೂ ರಸ್ತೆಯಲ್ಲಿ ಹುಡುಕಿ ಒಂದು ಹಳೆಯ ಪ್ರತಿ ತಂದೆ. ರಟ್ಟು ಗಟ್ಟಿಯಾಗಿತ್ತು, ಒಳಗಿಂದ ಹಳೆ ಬೀರುವಿನ ವಾಸನೆ ಬರುತ್ತಿತ್ತು. ಚಂದದ ಪುಸ್ತಕ ಎನ್ನಿಸಿತು.

ಕಥೆ ರುಕ್ಕು ಎಂಬ ಹೆಂಗಸಿನದು. ಗಂಡ ಬಿಟ್ಟುಹೋದ ಮೇಲೆ ಒಂದು ಸಣ್ಣ ಮನೆ ಬಾಡಿಗೆಗೆ ಹಿಡಿದು, ಹಪ್ಪಳ ಮಾಡಿ ಮಾರಿ ಬದುಕುತ್ತಾಳೆ. ಊರಿನ ಜನ ಒಂದೊಂದು ಮಾತಾಡುತ್ತಾರೆ, ಅಣ್ಣ ಕಾಗದದ ಮೇಲೆ ಕಾಗದ ಬರೆಯುತ್ತಾನೆ. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಬೆತ್ತದ ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಕೇಳುತ್ತಿದ್ದರು. ನಾನು 'ಶ' ಅನ್ನಬೇಕಾದಲ್ಲಿ 'ಸ' ಅಂದರೆ ತಿದ್ದುತ್ತಿದ್ದರು. ಪ್ಯಾರಾ ಹಾರಿಸಿದರೆ, "ಈಗ ತಾನೇ ಹಿತ್ತಿಲಲ್ಲಿದ್ದಳು, ಅಡುಗೆಮನೆಗೆ ಯಾವಾಗ ಬಂದ್ಲು?" ಎಂದು ವಾಪಸ್ ಕರೆಸುತ್ತಿದ್ದರು. ಹೀಗೆ ಮೂರು ವಾರದಲ್ಲಿ ನಾನು ಮೊಟ್ಟಮೊದಲ ಬಾರಿಗೆ ಒಂದು ದೊಡ್ಡ ಕಾದಂಬರಿಯನ್ನು ಬಹುಪಾಲು ಓದಿಬಿಟ್ಟೆ. ಓದುತ್ತ ಓದುತ್ತ ನನಗೇ ರುಕ್ಕುವಿನ ಚಿಂತೆ ಹತ್ತಿತು. ಅಣ್ಣ ಅವಳನ್ನು ಕರೆದುಕೊಂಡು ಹೋಗಲು ಹೊರಟಿದ್ದಾನೆ ಎಂಬಲ್ಲಿಗೆ ಅಂದಿನ ಓದು ನಿಂತಿತು. ಇನ್ನು ನಲವತ್ತು ಪುಟವೂ ಉಳಿದಿರಲಿಲ್ಲ.

ಮರುದಿನ ಮನೆಯಿಂದ ಹೊರಡುವಾಗ ಪುಸ್ತಕ ಕೈಜಾರಿ ಬಿತ್ತು. ಎತ್ತಿಕೊಂಡಾಗ ಕೊನೆ ತೆರೆದಿತ್ತು. ಪುಟದ ಕೊನೆಯಲ್ಲಿ, "ಗಾಡಿ ಅವಳ ಮನೆಯ ಮುಂದೆ ನಿಂತಿತು. ಗಾಡಿಯ ಸದ್ದಿಗೆ ರುಕ್ಕು ಬಾಗಿಲಿಗೆ ಬಂದು" ಎಂದಿತ್ತು. ಆಮೇಲೆ ರಟ್ಟು. ನಡುವಿನ ಹಾಳೆಯನ್ನು ಯಾರೋ ಪುಣ್ಯಾತ್ಮರು ನೀಟಾಗಿ ಕಿತ್ತುಕೊಂಡಿದ್ದರು.

ಉಳಿದ ಪುಟಗಳನ್ನು ಅತ್ತೆಗೆ ದಿನಕ್ಕಿಷ್ಟೇ ಎಂದು ಓದುತ್ತ, ಎರಡು ಗ್ರಂಥಾಲಯಗಳಲ್ಲಿ ಕೇಳಿದೆ. ಒಂದರಲ್ಲಿ ಪುಸ್ತಕ ಇರಲಿಲ್ಲ, ಇನ್ನೊಂದರಲ್ಲಿ ಪಟ್ಟಿಯಲ್ಲಿ ಮಾತ್ರ ಇತ್ತು. ಗೋಪಿಗೆ ಫೋನ್ ಮಾಡಿದೆ. "ಆ ಕೊನೆ ಏನು ಹೇಳ್ತೀಯಾ ಮಾರಾಯ, ಅಂಥ ಕೊನೆ ಇನ್ನೊಬ್ಬರು ಬರೆದಿಲ್ಲ" ಎಂದ. "ಅದೇ, ಏನಾಗತ್ತೆ ಅದರಲ್ಲಿ?" ಎಂದೆ. ಅತ್ತ ಗೋಪಿ ಕೆಮ್ಮಿದ. "ಅದನ್ನ ಹೀಗೆ ಫೋನಲ್ಲಿ ಹೇಳೋಕಾಗಲ್ಲ ಕಂಠಿ, ಅನುಭವಿಸ್ಬೇಕು." ರುಕ್ಕು ಗಾಡಿ ಹತ್ತುತ್ತಾಳಾ ಇಲ್ಲವಾ, ಅಷ್ಟು ಹೇಳು ಎಂದೆ. "ಒಂದು ಅರ್ಥದಲ್ಲಿ ಹತ್ತುತ್ತಾಳೆ, ಒಂದು ಅರ್ಥದಲ್ಲಿ ಇಲ್ಲ" ಎಂದ. ಪುಸ್ತಕ ಎಲ್ಲಿ ಎಂದರೆ ಅಟ್ಟದ ಮೇಲೆ ಎಲ್ಲೋ ಇದೆ, ಸೊಂಟ ಹಿಡಿದುಕೊಂಡಿದೆ ಎಂದ.

ಹಾಳೆ ಹರಿದುಹೋಗಿದೆ ಎಂದು ಅತ್ತೆಗೆ ನೇರವಾಗಿ ಹೇಳಬಹುದಿತ್ತು. ಹೇಳಿದ್ದರೆ, "ನಿನಗೆ ಗೊತ್ತಿದೆಯಲ್ಲ, ಬಾಯಲ್ಲೇ ಹೇಳು" ಎನ್ನುತ್ತಿದ್ದರು. ಆದ್ದರಿಂದ ನಾನೇ ಬರೆಯಲು ಕುಳಿತೆ. ಅರ್ಧ ವಾಕ್ಯದಿಂದ ಶುರುಮಾಡಿ ನಾಲ್ಕು ಪುಟ ಬರೆದೆ. ರುಕ್ಕು ಅತ್ತಳು, ಅಣ್ಣನೂ ಅತ್ತ, ಇಬ್ಬರೂ ಬಾಲ್ಯ ನೆನೆದರು, ಅವಳು ಮನೆಗೆ ಬೀಗ ಹಾಕಿ ಅಣ್ಣನ ಜೊತೆ ಹೊರಟಳು. ಕೊನೆಯ ಸಾಲಿಗೆ ಮಾತ್ರ ಎರಡು ಬೆಳಗುಗಳು ಹಿಡಿದವು. "ಬದುಕೆಂಬ ಗಾಡಿಯ ಗಾಲಿಗಳು ಮತ್ತೆ ಉರುಳತೊಡಗಿದವು." ಬರೆದು ಮುಗಿಸಿದಾಗ ನನ್ನ ಕಣ್ಣೇ ತೇವವಾಯಿತು. ನಾಗರತ್ನಳಿಗೆ ಓದಿ ತೋರಿಸಿದೆ. ಅವಳು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. "ಅವಳು ಹೇಗೂ ಗಾಡೀಲಿ ಕೂತಿದಾಳೆ. ಇನ್ನೊಂದು ಗಾಡಿ ಯಾಕ್ರೀ?" ಎಂದಳು. ಸಾಹಿತ್ಯದ ಗಂಧವಿಲ್ಲದವಳು ಎಂದುಕೊಂಡು ಹಾಳೆಗಳನ್ನು ಪುಸ್ತಕದೊಳಗೆ ಇಟ್ಟುಕೊಂಡು ಹೊರಟೆ.

ಅಂದು ಅತ್ತೆಯ ಮುಂದೆ ನನ್ನ ನಾಲ್ಕೂ ಪುಟ ಓದಿದೆ. ಕೊನೆಯ ಸಾಲನ್ನು ನಿಧಾನವಾಗಿ, ಒಂದೊಂದು ಪದಕ್ಕೂ ಜಾಗ ಕೊಟ್ಟು ಓದಿ ಪುಸ್ತಕ ಮುಚ್ಚಿದೆ. ಅತ್ತೆ ಕುರ್ಚಿಯ ಬೆನ್ನಿಗೆ ಒರಗಿದರು. ಮನಸ್ಸು ತುಂಬಿ ಬಂದಿರಬೇಕು ಎಂದುಕೊಂಡೆ.

"ಇದೇನಾ ಆ ಪ್ರಸಿದ್ಧವಾದ ಸಾಲು?" ಎಂದರು.

"ಹೂಂ ಅತ್ತೆ."

"ನಾನೂರು ಪುಟ ಆ ಹುಡುಗಿ ಹಪ್ಪಳ ಲಟ್ಟಿಸಿದ್ದು ಕೊನೇಲಿ ಈ ಗಾಡಿ ಹತ್ತೋಕಾ? ಇಷ್ಟು ಚೆನ್ನಾಗಿ ಬರ್ಕೊಂಡು ಬಂದೋನಿಗೆ ಇದ್ದಕ್ಕಿದ್ದ ಹಾಗೆ ಏನಾಯ್ತು?"

ನನಗೆ ಸುಮ್ಮನಿರಲಾಗಲಿಲ್ಲ. ಲೇಖಕರ ಪರ ವಾದಿಸಿದೆ. ಆ ಗಾಡಿ ಬರೀ ಗಾಡಿಯಲ್ಲ, ಅದರಲ್ಲಿ ಅಣ್ಣ ತಂಗಿಯರ ಪ್ರೀತಿಯಿದೆ, ಕಾಲಚಕ್ರವಿದೆ, ತಾಳ್ಮೆಯಿಂದ ಕೇಳಿದರೆ ತಿಳಿಯುತ್ತದೆ ಎಂದೆ. ಧ್ವನಿ ಏರಿತ್ತು. ಅತ್ತೆ ಕಪ್ಪು ಕನ್ನಡಕದ ಹಿಂದಿನಿಂದ ನನ್ನ ಕಡೆ ತಿರುಗಿದರು.

"ನಿನಗ್ಯಾಕೋ ಅಷ್ಟು ಕೋಪ? ನೀನು ಬರೆದಿದ್ದಾ?"

ಕೈ ಚಾಚಿ, "ಪುಸ್ತಕ ಕೊಡು ಇಲ್ಲಿ" ಎಂದರು. ಕೊಟ್ಟೆ. ಕಾಂಪೋಸಿಷನ್ ನೋಟ್‌ಬುಕ್ಕುಗಳನ್ನು ಎಷ್ಟೋ ವರ್ಷ ತಿದ್ದಿದ ಕೈ. ಬೆರಳಾಡಿಸಿದ ಕೂಡಲೇ ನಾಲ್ಕು ಬಿಡಿ ಹಾಳೆಗಳು ಹೊರಬಂದವು. ಎಲ್ಲವನ್ನೂ ಒಪ್ಪಿಕೊಂಡೆ. ಹರಿದ ಹಾಳೆ, ಅಟ್ಟದ ಮೇಲಿರುವ ಗೋಪಿಯ ಪುಸ್ತಕ, ಮದುವೆಮನೆಯಲ್ಲಿ ಅರೆಮುಚ್ಚುವ ಕಣ್ಣು, ಎಲ್ಲವನ್ನೂ ಹೇಳಿದೆ. ಸುಳ್ಳು ಹೇಳಿದ್ದಕ್ಕೆ ಬೈಗುಳ ಬರುತ್ತದೆ ಎಂದು ತಲೆ ತಗ್ಗಿಸಿ ಕಾದೆ.

"ಪುಸ್ತಕದಲ್ಲಿ ಇಲ್ಲದ್ದನ್ನ ಓದಿದ್ದು ಹೋಗ್ಲಿ" ಎಂದರು ಅತ್ತೆ. "ಅವಳನ್ನ ವಾಪಸ್ ಕಳಿಸೋಕೆ ನೀನ್ಯಾರೋ?"

ಆ ಮಾತಿನ ಹಿಂದೆ ಬೇರೆ ಏನೋ ಇದೆ ಎಂದು ನನಗೂ ಹೊಳೆಯಿತು. ಹಾಳೆಗಳನ್ನು ಮಡಿಲಲ್ಲಿ ಜೋಡಿಸಿಟ್ಟುಕೊಂಡು ಅವರೇ ಹೇಳಿದರು. "ನಿಮ್ಮಪ್ಪನೂ ಬಂದಿದ್ದ. ನಿಮ್ಮ ಮಾವ ತೀರಿಹೋಗಿ ಮೂರು ತಿಂಗಳಾಗಿತ್ತು. ಉಷಾ ಇನ್ನೂ ತೊಟ್ಟಿಲಲ್ಲಿದ್ಲು. ನಾನು ಇಲ್ಲೇ ವಠಾರದಲ್ಲಿ ಒಂದು ರೂಮು ಹಿಡಿದು ಸ್ಕೂಲಿಗೆ ಹೋಗೋಕೆ ಶುರುಮಾಡಿದ್ದೆ. ಟ್ಯಾಕ್ಸಿ ಮಾಡ್ಕೊಂಡು ಬಂದ, ಸಾಮಾನು ಕಟ್ಟು ಅಂದ. ಒಳ್ಳೇ ಮನಸ್ಸಿಂದಾನೇ ಬಂದಿದ್ದ, ಇಲ್ಲ ಅನ್ನಲ್ಲ."

ಆ ಟ್ಯಾಕ್ಸಿ ನನಗೆ ಗೊತ್ತು. ನಾನೂ ಅದರಲ್ಲಿದ್ದೆ, ಏಳು ವರ್ಷದವನು. ಅಪ್ಪ ಮುಂದಿನ ಸೀಟಿನಲ್ಲಿ ಕೂರಿಸಿದ್ದರು, ಅಷ್ಟೇ ನೆನಪು. ಹೋಗುವಾಗ ಹಿಂದಿನ ಸೀಟಿನಲ್ಲಿ ಅಪ್ಪ ಒಬ್ಬರೇ ಇದ್ದರು, ಬರುವಾಗಲೂ ಅವರೊಬ್ಬರೇ. ಏಕೆಂದು ಅಂದು ಕೇಳಲಿಲ್ಲ, ಆಮೇಲಿನ ಐವತ್ತೈದು ವರ್ಷಗಳಲ್ಲೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಅತ್ತೆಗೆ ಹಟ ಜಾಸ್ತಿ ಎಂಬ ಮಾತಿತ್ತು. ಅದನ್ನೇ ನಾನೂ ಹೇಳಿಕೊಂಡು ತಿರುಗಿದ್ದೆ. ಈಗ ಒಂದು ಪೆನ್ನು ಹಿಡಿದು, ಯಾರೂ ಕೇಳದೆ, ಇನ್ನೊಬ್ಬಳನ್ನು ಗಾಡಿ ಹತ್ತಿಸಿ ಕಳಿಸಿದ್ದೆ. ಎದ್ದು ನಿಂತೆ. "ಕಾಫಿ ಮಾಡ್ಲಾ ಅತ್ತೆ?" ಎಂದೆ. "ಮಾಡು. ಡಿಕಾಕ್ಷನ್ ಇದೆ. ಸಕ್ಕರೆ ಕಡಿಮೆ ಹಾಕು" ಎಂದರು. ನನ್ನ ನಾಲ್ಕು ಹಾಳೆಗಳನ್ನು ವಾಪಸ್ ಕೊಡಲಿಲ್ಲ.

ಮರುದಿನ ಬೆಳಗ್ಗೆಯೇ ಮಲ್ಲೇಶ್ವರಕ್ಕೆ ಹೋದೆ. ಗೋಪಿಯ ಸೊಂಟಕ್ಕೆ ಏಣಿ ಹತ್ತಲಾಗದಿದ್ದರೆ ನನ್ನ ಸೊಂಟ ಹತ್ತಲಿ ಎಂದು ಅಟ್ಟಕ್ಕೆ ಏರಿದೆ. ಎರಡು ಹಳೆಯ ಸೂಟ್‌ಕೇಸು, ಗೊಂಬೆ ಹಬ್ಬದ ಪೆಟ್ಟಿಗೆ, ಒಂದು ಒಡಕು ವೀಣೆ ದಾಟಿದ ಮೇಲೆ ಪುಸ್ತಕ ಸಿಕ್ಕಿತು. ಕೆಳಗೆ ತಂದು ಕೊನೆ ತೆರೆಯಲು ನೋಡಿದರೆ ತೆರೆಯುತ್ತಿಲ್ಲ. ಹಿಂದಿನ ಕಾಲದಲ್ಲಿ ಕೆಲವು ಪುಸ್ತಕಗಳ ಹಾಳೆಗಳು ಅಂಚಿನಲ್ಲಿ ಒಂದಕ್ಕೊಂದು ಕೂಡಿಕೊಂಡೇ ಬರುತ್ತಿದ್ದವು, ಓದುವವರು ಕತ್ತರಿಸಿಕೊಳ್ಳಬೇಕಾಗಿತ್ತು. ಗೋಪಿಯ ಪ್ರತಿಯಲ್ಲಿ ಕೊನೆಯ ಹದಿನಾರು ಪುಟಗಳು ಅಚ್ಚಿನ ಮನೆಯಿಂದ ಬಂದ ಹಾಗೆಯೇ ಇದ್ದವು. ನಾನು ಗೋಪಿಯ ಮುಖ ನೋಡಿದೆ. ಅವನು ಕಿಟಕಿಯಾಚೆಯ ತೆಂಗಿನ ಮರ ನೋಡಿದ. "ಸಿಲಬಸ್ ಅಲ್ಲಿಗಂಟ ಹೋಗ್ತಿರ್ಲಿಲ್ಲ ಕಣೋ. ಪೋರ್ಷನ್ ಮುಗಿಯೋ ಅಷ್ಟರಲ್ಲಿ ಪರೀಕ್ಷೆ ಬಂದ್ಬಿಡ್ತಿತ್ತು" ಎಂದ. ಅವನ ಹೆಂಡತಿ ಒಳಗಿನಿಂದ ತರಕಾರಿ ಚಾಕು ತಂದುಕೊಟ್ಟರು. ಹಾಳೆ ಬಿಡಿಸಿದೆ. ಕೊನೆಯದನ್ನು ಮಾತ್ರ ಓದದೆ ಮುಚ್ಚಿದೆ. ಗೋಪಿ ಬಗ್ಗಿ ನೋಡಲು ಬಂದಾಗಲೂ ಬಿಡಲಿಲ್ಲ.

ಅಂದು ಸಾಯಂಕಾಲ ನಾನು ಹೋದಾಗ ಅತ್ತೆಯ ಮೂಗಿನ ಮೇಲೆ ಹೊಸ ಕನ್ನಡಕ ಕುಳಿತಿತ್ತು. ಹಿಂದಿನ ಸಾಯಂಕಾಲವೇ ಉಷಾ ತಂದಿದ್ದಳಂತೆ. ಓದಲಾ ಎಂದರೆ, "ನೀನು ಓದಿದ್ದು ಸಾಕು" ಎಂದು ಪುಸ್ತಕ ತೆಗೆದುಕೊಂಡರು. ಆ ಕೊನೆ ಅರ್ಧ ಪುಟವೂ ಇರಲಿಲ್ಲ. ತುಟಿ ಅಲ್ಲಾಡಿಸುತ್ತ ಓದಿ, ಮತ್ತೊಮ್ಮೆ ಓದಿ, ಬೆರಳಿಟ್ಟು ನನ್ನ ಕಡೆ ತಿರುಗಿಸಿದರು. ಗಾಡಿಯ ಸದ್ದಿಗೆ ರುಕ್ಕು ಬಾಗಿಲಿಗೆ ಬಂದು ಅಣ್ಣನನ್ನು ಒಳಗೆ ಕರೆಯುತ್ತಾಳೆ. ಅವನು ಗಾಡಿಯಿಂದ ಇಳಿಯುವುದಿಲ್ಲ. ಆಮೇಲೆ ಒಂದೇ ಸಾಲು: ಅವಳು ಗಾಡಿಯವನಿಗೆ ಕುಡಿಯಲು ನೀರು ಕೊಟ್ಟು, ಎತ್ತುಗಳ ಮುಂದೆ ಒಂದು ಬಾನಿ ನೀರಿಟ್ಟು, ಒಳಗೆ ಹೋಗಿ ಒಲೆ ಹಚ್ಚಿದಳು.

ಯಾರೂ ಅತ್ತಿರಲಿಲ್ಲ. ಬದುಕಿನ ಹೆಸರನ್ನೇ ಎತ್ತಿರಲಿಲ್ಲ.

ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ನಿಮ್ಮಪ್ಪ ಕಾಫಿ ಮುಟ್ಟಲಿಲ್ಲ" ಎಂದರು. "ಟ್ಯಾಕ್ಸಿಯವನು ಕುಡಿದ. ನಿನಗೆ ಕೊಬ್ಬರಿ ಮಿಠಾಯಿ ಕೊಟ್ಟಿದ್ದೆ, ಎರಡು ತಿಂದೆ." ನನಗೆ ನೆನಪಿರಲಿಲ್ಲ. ಆದರೂ ಚೆನ್ನಾಗಿತ್ತು ಅತ್ತೆ ಎಂದೆ. ಈ ಬಾರಿ ಅವರು ನನ್ನ ಸುಳ್ಳನ್ನು ತಿದ್ದಲಿಲ್ಲ.

ಹೊರಡುವಾಗ ನನ್ನ ನಾಲ್ಕು ಹಾಳೆಗಳನ್ನು ಮಡಚಿ ಕೈಗಿಟ್ಟರು. ಬಸವನಗುಡಿಯ ನಮ್ಮ ಮನೆಗೆ ನಡೆದು ಬರುವ ದಾರಿಯಲ್ಲಿ ಬಿಚ್ಚಿ ನೋಡಿದೆ. ಹೊಸ ಕನ್ನಡಕದಲ್ಲಿ ಮಾಡಿದ ಮೊದಲ ಕೆಲಸ ಅದೇ ಇರಬೇಕು. ತುಂಬ ಕೆಂಪು ಇಂಕು. ಹನ್ನೊಂದು ಕಾಗುಣಿತದ ತಪ್ಪು, ಎರಡು ಕಡೆ 'ಅನಾವಶ್ಯಕ', ಅಳುವ ಭಾಗದ ಪಕ್ಕದಲ್ಲಿ 'ಯಾಕೆ?' ಎಂದು ಬರೆದಿತ್ತು. ಕೊನೆಯ ಸಾಲನ್ನು ಸ್ಕೇಲಿಟ್ಟು ಹೊಡೆದುಹಾಕಿದ್ದರು. ಕೆಳಗೆ, ಇಪ್ಪತ್ತೈದಕ್ಕೆ ಒಂಬತ್ತು. ಅರವತ್ತೆರಡನೆಯ ವಯಸ್ಸಿನಲ್ಲಿ ಕನ್ನಡದಲ್ಲಿ ಪಾಸೋ ಫೇಲೋ ಎಂದು ರಸ್ತೆ ಬದಿಯಲ್ಲಿ ನಿಂತು ಲೆಕ್ಕ ಹಾಕಿದೆ. ಮೂವತ್ತೈದು ಪರ್ಸೆಂಟ್ ದಾಟಿತ್ತು.

ಆ ಒಂಬತ್ತರ ಸಮಾಧಾನದಲ್ಲೇ ಮನೆ ಸೇರಿ ಹಾಳೆಗಳನ್ನು ನಾಗರತ್ನಳ ಮುಂದೆ ಹಿಡಿದೆ. ಅವಳು ನಾಲ್ಕೂ ಪುಟ ತಿರುವಿ ನೋಡಿ, ಕೊನೆಗೆ ಬಂದು, ಅಂಕಿಯನ್ನು ಓದಿದಳು.

"ಅತ್ತೆ ಮಾರ್ಕ್ಸ್ ಕೊಡೋದ್ರಲ್ಲಿ ಯಾವಾಗ್ಲೂ ಧಾರಾಳ" ಎಂದಳು.